ಹೆಂಡ್ತಿಗೂ ದಾಟಿಬಿಡ್ತದೇನೋ ಅಂತ ಹೆದರಿಕೆ ಇದ್ರೆ ಎಂತ ಮಾಡೋದು

ಕುಮಟೆಯಲ್ಲಿ ಮೆಡಿಕಲ್ ಇಟ್ಕೊಂಡು 18 ವರ್ಷ ಆಯ್ತು. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಬರೋರು ಎರಡೇ ಥರ, ಒಂದು ಮಗುವಿಗೆ ಜ್ವರ ಅಂತ ಓಡಿ ಬಂದವ್ರು, ಇನ್ನೊಂದು ಹೊರಗೆ ಸಂಬಂಧ ಆಗಿ ಗುಪ್ತರೋಗ ತಗಲಿತೇನೋ ಅಂತ ಹೆದರಿದವ್ರು. ಎರಡನೇ ಥರದವ್ರು ಮೊದ್ಲು ಒಂದು ಡೋಲೋ ಕೇಳ್ತಾರೆ, ಆಮೇಲೆ ಓಆರ್‌ಎಸ್, ಪಕ್ಕದಲ್ಲಿ ನಿಂತವ ಹೋಗೋ ತನಕ ಗ್ಲೂಕೋಸ್ ಡಬ್ಬದ ಮೇಲಿನ ರೇಟು ಓದ್ತಾ ನಿಲ್ತಾರೆ, ಅಂವ ಹೋದ ಕೂಡ್ಲೇ ಕೌಂಟರಿಗೆ ಬಗ್ಗಿ "ಅಣ್ಣಾ, ಉರಿ ಮೂತ್ರಕ್ಕೆ ಸ್ಟ್ರಾಂಗ್ ಕೋರ್ಸ್ ಒಂದು ಕೊಡಿ, ಹೆಂಡ್ತಿ ನಾಡಿದ್ದು ತವರಿಂದ ಬರ್ತಾಳೆ" ಅಂತಾರೆ. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯೋ ಬೋಟ್ ಬಂದ್ ಇರ್ತದಲ್ಲ, ಆಗ ಸ್ವಲ್ಪ ಜಾಸ್ತಿ. ಬೋಟಿನವ್ರೇ ಅಂತಲ್ಲ ಮಾರಾಯ್ರೆ, ಇಸ್ತ್ರಿ ಅಂಗಿ ಹಾಕ್ಕೊಂಡ ಆಫೀಸಿನವ್ರೂ ಬಗ್ಗಿ ಮಾತಾಡ್ತಾರೆ.

ಆ ಸ್ಟ್ರಾಂಗ್ ಕೋರ್ಸ್ ತಗೋಬೇಡಿ, ಇದೊಂದು ಮೊದ್ಲು ಕೇಳಿ. ಯಾರೋ ಅಂಗಡಿಯವ ಕೊಟ್ಟ ಎರಡು ಮಾತ್ರೆ ನುಂಗಿ ಉರಿ ಕಮ್ಮಿ ಆಯ್ತು ಅಂತ ಸುಮ್ಮನಾದವ್ನ ಹೆಂಡ್ತಿ ಮೂರು ವಾರಕ್ಕೆ ಕೆಳಹೊಟ್ಟೆ ಹಿಡ್ಕೊಂಡು ಬಂದದ್ದನ್ನ ನಾನೇ ನೋಡಿದ್ದೇನೆ. ಅರ್ಧಂಬರ್ಧ ಆ್ಯಂಟಿಬಯೋಟಿಕ್ ತಗೊಂಡ್ರೆ ರೋಗ ಅಡಗಿ ಕೂರ್ತದೆ, ಟೆಸ್ಟಲ್ಲೂ ಸರಿಯಾಗಿ ಸಿಗೋದಿಲ್ಲ.

ಮೊದಲ ಕೆಲಸ, ರಿಪೋರ್ಟ್ ಕೈಗೆ ಬರೋ ತನಕ ಹೆಂಡ್ತಿ ಜೊತೆ ಕೂಡೋದು ಬಂದ್, ಇಲ್ಲಾಂದ್ರೆ ಪ್ರತಿ ಸಲ ಕಾಂಡೋಮ್. ಸರಕಾರಿ ಆಸ್ಪತ್ರೆಯಲ್ಲಿ ನಿರೋಧ್ ಪುಕ್ಕಟೆ ಕೊಡ್ತಾರೆ. ಬಾಯಿಂದ ಆದ್ರೆ ಎಂತ ಆಗೋದಿಲ್ಲ ಅಂತ ತಿಳ್ಕೊಂಡವ್ರು ಬಹಳ ಜನ, ಗೊನೋರಿಯಾ, ಸಿಫಿಲಿಸ್, ಹರ್ಪಿಸ್ ಅನ್ನೋ ಗುಪ್ತರೋಗ ಮೂರೂ ಹಾಗೇ ದಾಟ್ತವೆ. ಒಂದೇ ತಟ್ಟೆ, ಒಂದೇ ಬಚ್ಚಲು, ಮಗುವನ್ನ ಎತ್ಕೊಳ್ಳೋದು, ಇದಕ್ಕೆಲ್ಲ ಹೆದರಬೇಡಿ.

ಎರಡನೇದು ತಾರೀಖು. ಯಾವತ್ತು ಆದದ್ದು ಅಂತ ಬರೆದಿಟ್ಕೊಳ್ಳಿ, ಯಾಕಂದ್ರೆ ಮರುದಿನವೇ ಲ್ಯಾಬಿಗೆ ಓಡಿ ನೆಗೆಟಿವ್ ಚೀಟಿ ತಂದ್ರೆ ಅದಕ್ಕೆ ಎಂತ ಬೆಲೆಯೂ ಇಲ್ಲ. 72 ಗಂಟೆ ಇನ್ನೂ ಆಗಿಲ್ಲ ಅಂದ್ರೆ ಮಾತ್ರ ಕಾಯ್ಬೇಡಿ, ಈಗಲೇ ದೊಡ್ಡಾಸ್ಪತ್ರೆ ಕ್ಯಾಶುವಾಲ್ಟಿಗೆ ಹೋಗಿ ಪೆಪ್ ಬೇಕಾ ಅಂತ ಕೇಳಿ, ಎಚ್‌ಐವಿ ತಗಲದ ಹಾಗೆ 28 ದಿನ ತಗೊಳ್ಳೋ ಮಾತ್ರೆ ಅದು, ಎಷ್ಟು ಬೇಗ ಶುರು ಮಾಡ್ತೀರೋ ಅಷ್ಟು ಒಳ್ಳೇದು. ಗೊನೋರಿಯಾ ಆದ್ರೆ ಗಂಡಸರಿಗೆ ಸಾಮಾನ್ಯ 2ರಿಂದ 7 ದಿನದಲ್ಲಿ ಉರಿ, ಕೀವು ಕಾಣ್ತದೆ. ಕ್ಲಮೈಡಿಯಾ ಕಳ್ಳ, ಬಹಳ ಜನಕ್ಕೆ ಎಂತದೂ ಕಾಣೋದೇ ಇಲ್ಲ, ಹೆಂಗಸರಿಗಂತೂ. ಎಚ್‌ಐವಿ ರಕ್ತ ಪರೀಕ್ಷೆ ಒಂದು ಸಲ ಈಗ ಮಾಡ್ಸಿ, 3 ತಿಂಗಳಿಗೆ ಇನ್ನೊಮ್ಮೆ ಮಾಡ್ಸಿ, ಆ ಎರಡನೇದ್ದೇ ಕೊನೇ ಮಾತು.

ಸಿಫಿಲಿಸ್ ಬಗ್ಗೆ ಸ್ವಲ್ಪ ಉದ್ದ ಹೇಳ್ತೇನೆ, ಜನ ಮೋಸ ಹೋಗೋದು ಇಲ್ಲೇ. ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳ್ತದೆ, ಗಟ್ಟಿ ಅಂಚು, ಮುಟ್ಟಿದ್ರೆ ನೋವೇ ಇಲ್ಲ. ನೋವಿಲ್ಲ ಅಂತ ಅಂವ ಅರಿಶಿನ, ಕೊಬ್ಬರಿ ಎಣ್ಣೆ ಹಚ್ತಾನೆ, 3ರಿಂದ 6 ವಾರಕ್ಕೆ ಅದು ತಾನಾಗೇ ಮಾಯ್ತದೆ, ಎಣ್ಣೆಯಿಂದ ವಾಸಿಯಾಯ್ತು ಅಂತ ಖುಷಿ. ರೋಗ ಎಲ್ಲಿಗೂ ಹೋಗಿಲ್ಲ, ರಕ್ತದಲ್ಲಿದೆ, ಹೆಂಡ್ತಿ ಬಸುರಿ ಆಗಿದ್ರೆ ಹೊಟ್ಟೆಯಲ್ಲಿರೋ ಕೂಸಿಗೂ ಹೋಗ್ತದೆ. ಬೇಗ ಸಿಕ್ರೆ ಬೆಂಜಥಿನ್ ಪೆನ್ಸಿಲಿನ್ 24 ಲಕ್ಷ ಯೂನಿಟ್, ಒಂದೇ ದಿನದ ಇಂಜೆಕ್ಷನ್ನಲ್ಲಿ ಮುಗೀತದೆ, ಕುಂಡೆಗೆ ಆ ಕಡೆ ಅರ್ಧ ಈ ಕಡೆ ಅರ್ಧ ಕೊಡ್ತಾರೆ, ಎರಡು ದಿನ ಬೈಕ್ ಸೀಟ್ ಮೇಲೆ ಕೂರೋದು ಕಷ್ಟ ಬಿಟ್ರೆ ಮತ್ತೆಂತ ಇಲ್ಲ. ಪೆನ್ಸಿಲಿನ್ ಅಲರ್ಜಿ ಇದ್ರೆ ಮೊದಲೇ ಹೇಳಿ.

ಎಲ್ಲಿ ಹೋಗೋದು? ಸರಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಬೋರ್ಡ್ ಇರ್ತದೆ, ಎಚ್‌ಐವಿ ಪರೀಕ್ಷೆ ಪುಕ್ಕಟೆ, ಮೊದ್ಲು ಕೌನ್ಸೆಲರ್ ಕೂರಿಸ್ಕೊಂಡು ಮಾತಾಡ್ತಾರೆ. ಗುಪ್ತರೋಗಕ್ಕೆ ಸುರಕ್ಷಾ ಕ್ಲಿನಿಕ್ ಅಂತ ಬೇರೆಯೇ ಇದೆ, ಅಲ್ಲಿ ಬಣ್ಣಬಣ್ಣದ ಕಿಟ್ ಇರ್ತದೆ, ಕೀವು ಸೋರೋದಕ್ಕೆ ಬೂದು ಬಣ್ಣದ್ದು, ಹರ್ಪಿಸ್‌ಗೆ ಕೆಂಪು, ಹಾಗೆ. ನಮ್ಮೂರಲ್ಲಿ ಗುರ್ತದವ್ರು ಸಿಗ್ತಾರೆ ಅಂತ ಭಯ ಅಲ್ವಾ? ಕುಮಟೆಯವ್ರು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗ್ತಾರೆ, ಶಿರಸಿಯವ್ರು ಇಳಿದು ಕೆಳಗೆ ಬರ್ತಾರೆ, ಘಟ್ಟದ ಅರ್ಧದಾರಿಯಲ್ಲಿ ಇಬ್ಬರೂ ಒಂದೇ ಹೋಟೆಲಲ್ಲಿ ಚಾ ಕುಡೀತಿರಬಹುದು. ನಗೋದು ಬಿಡಿ, ಹಾಗೆ ಹೋಗೋದ್ರಲ್ಲಿ ತಪ್ಪಿಲ್ಲ, ಕಾರವಾರದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ಗೇ ಹೋಗಿ ಬೇಕಾದ್ರೆ. ಎಚ್‌ಐವಿಗೆ 2017ರ ಕಾನೂನೇ ಇದೆ, ನಿಮ್ಮ ಒಪ್ಪಿಗೆ ಇಲ್ದೆ ಪರೀಕ್ಷೆ ಮಾಡೋ ಹಾಗಿಲ್ಲ, ಊರಿಗೆಲ್ಲ ಹೇಳೋ ಹಾಗೂ ಇಲ್ಲ. ಬಾಗಿಲು ದಾಟೋಕೇ ಕಾಲು ಬಾರದಿದ್ರೆ ಮೊದ್ಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳೋದಿಲ್ಲ. ಹೋದಾಗ "ಉರಿ" ಅಂತ ಮಾತ್ರ ಹೇಳಿ ಬರಬೇಡಿ, ಇಂಥ ದಿನ ಹೊರಗೆ ಸಂಬಂಧ ಆಗಿತ್ತು ಅಂತ ಬಿಡಿಸಿ ಹೇಳಿ, ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ರಕ್ತ ಪರೀಕ್ಷೆ), ಹೆಪಟೈಟಿಸ್ ಬಿ ಮೂರೂ ಆಗ್ಬೇಕು ಅನ್ನಿ.

ಗೊನೋರಿಯಾ, ಕ್ಲಮೈಡಿಯಾ, ಸಿಫಿಲಿಸ್ ಪಾಸಿಟಿವ್ ಬಂತು ಅಂದ್ರೆ ಔಷಧ ಇಬ್ಬರಿಗೂ. ನೀವೊಬ್ರೇ ತಗೊಂಡ್ರೆ ಅವಳಿಂದ ವಾಪಸ್ ನಿಮಗೇ ಬರ್ತದೆ. ಗೊನೋರಿಯಾ, ಕ್ಲಮೈಡಿಯಾ ಆದ್ರೆ ಇಬ್ಬರದ್ದೂ ಮದ್ದು ಮುಗಿದು 7 ದಿನ ಆಗೋ ತನಕ ಬೇರೆ ಬೇರೆ ಮಲಗಿ. ಅವಳ ಕಾಫಿಗೆ ಗೊತ್ತಾಗದ ಹಾಗೆ ಮಾತ್ರೆ ಪುಡಿ ಮಾಡಿ ಹಾಕ್ಲಾ ಅಂತ ಒಬ್ಬ ಕೇಳಿದ್ದ, ಮೈಯೆಲ್ಲ ಉರಿದು ಹೋಯ್ತು ನಂಗೆ. ಅವಳು ಬಸುರಿಯೋ, ಅಲರ್ಜಿ ಇದೆಯೋ, ಡಾಕ್ಟರ್ ನೋಡದೆ ನಿನಗೆಂತ ಗೊತ್ತು ತಮ್ಮಾ?

ಹಾಗಾಗಿ ಹೇಳ್ಬೇಕು. ಅತ್ತೆ ಮಾವ ಮನೆಯಲ್ಲಿಲ್ದ ಹೊತ್ತು ನೋಡಿ, ಮಕ್ಕಳು ಶಾಲೆಗೆ ಹೋಗಿರ್ಲಿ. ಪೀಠಿಕೆ ಉದ್ದ ಬೇಡ. "ನನ್ನಿಂದ ತಪ್ಪಾಗಿದೆ, ನಂಗೆ ಒಂದು ಸೋಂಕು ಬಂದಿದೆ, ನಿಂಗೂ ಬಂದಿರಬಹುದು, ವಾಸಿಯಾಗ್ತದೆ, ನಾಳೆ ಇಬ್ಬರೂ ಹೋಗಿ ಬರೋಣ", ಇಷ್ಟೇ. ಆಮೇಲೆ ಅವಳು ಬೈದ್ರೆ ಬೈಸ್ಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಬಾಯೇ ಬಾರದಿದ್ರೆ ಕೌನ್ಸೆಲರ್ ಎದುರು ಕೂತು ಹೇಳಬಹುದು. ಇದನ್ನ ಓದ್ತಿರೋದು ಹೆಂಡ್ತಿಯೇ ಆದ್ರೆ ಇದೇ ಮಾತು ತಿರುಗಿಸಿ ಅನ್ವಯ, ಆದ್ರೆ ಹೊಡೆತ ಬೀಳೋ ಮನೆಯಾದ್ರೆ ಒಬ್ಬಳೇ ಹೇಳಬೇಡಿ, ಮೊದ್ಲು ಕೌನ್ಸೆಲರ್.

ಯಾರು ತಂದದ್ದು ಅಂತ ಪಂಚಾಯ್ತಿ ಕೂರಿಸೋ ಮುಂಚೆ ಒಂದು ಗೊತ್ತಿರ್ಲಿ, ಕ್ಲಮೈಡಿಯಾ, ಹರ್ಪಿಸ್ ಮದುವೆಗೆ ಮುಂಚಿನದ್ದೂ ಇರಬಹುದು. ಹೆಂಗಸರ ಬಿಳಿ ಸೆರಗು, ತುರಿಕೆ ಎಷ್ಟೋ ಸಲ ಬರೀ ಫಂಗಸ್, ಯಾರ ಮೇಲೂ ಅನುಮಾನ ಬೇಡ. ನಮ್ಮ ಮಳೆಗಾಲದಲ್ಲಿ ಒಣಗದ ಚಡ್ಡಿ ಹಾಕಿ ತೊಡೆಸಂದಿಗೆ ಗಜಕರ್ಣ ಬಂದವ್ರೂ ಏಡ್ಸ್ ಅಂತ ಅಳ್ತಾ ಬರ್ತಾರೆ.

ಪೂರ್ತಿ ಹೋಗದ ಕಾಯಿಲೆ ಬಂದ್ರೂ ಸಂಸಾರ ನಡೀತದೆ. ಹೆಪಟೈಟಿಸ್ ಬಿ ಆದ್ರೆ ಅವಳ ರಕ್ತ ನೋಡ್ಸಿ, ಅವಳಿಗೆ ಸೋಂಕು ಇಲ್ಲಾಂದ್ರೆ 0, 1, 6 ತಿಂಗಳಿಗೆ ಮೂರು ಲಸಿಕೆ. ಹರ್ಪಿಸ್ ಗುಳ್ಳೆ ಇರುವಾಗ ದೂರ, ಉಳಿದ ದಿನ ಕಾಂಡೋಮ್, ಪೂರಾ ತಡೀದಿದ್ರೂ ಬಹಳ ಕಮ್ಮಿ ಆಗ್ತದೆ. ಎಚ್‌ಐವಿ ಮಾತ್ರೆ ತಪ್ಪದೆ ತಗೊಂಡು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಟೆಸ್ಟಲ್ಲಿ ಸಿಗದಷ್ಟು ಇಳಿದು ಹಾಗೇ ನಿಂತ್ರೆ ಕೂಡೋದ್ರಿಂದ ಹೆಂಡ್ತಿಗೆ ದಾಟೋದಿಲ್ಲ. ಇದು ನಾನು ಹೇಳೋ ಸಮಾಧಾನದ ಮಾತಲ್ಲ, ಡಾಕ್ಟರ್ರೇ ಹೇಳ್ತಾರೆ ಕೇಳಿ ನೋಡಿ.

ಮೂರು ತಿಂಗಳ ರಿಪೋರ್ಟ್ ನೆಗೆಟಿವ್ ಬಂದ ಮೇಲೂ ಪ್ರತಿ ವಾರ ಬೇರೆ ಬೇರೆ ಲ್ಯಾಬಲ್ಲಿ ರಕ್ತ ಕೊಡೋರಿದ್ದಾರೆ, ಆ ದುಡ್ಡಲ್ಲಿ ಹೆಂಡ್ತಿಗೊಂದು ಸೀರೆ ಬರ್ತಿತ್ತು. ಸಿಫಿಲಿಸ್ ಇಂಜೆಕ್ಷನ್ ಆದವ್ರು ಮಾತ್ರ ಡಾಕ್ಟರ್ ಹೇಳಿದ ತಿಂಗಳಿಗೆ ಹೋಗಿ ಮತ್ತೆ ರಕ್ತ ಕೊಟ್ಟು ಬನ್ನಿ, ವಿಡಿಆರ್‌ಎಲ್ ಸಂಖ್ಯೆ ಇಳಿದಿದೆಯಾ ನೋಡ್ಬೇಕು. ಮೊದಲನೇ ಚೀಟಿ ಹರಿದು ಹೊಳೆಗೆ ಹಾಕಿರ್ತೀರಿ ನೀವು, ಹಾಕಬೇಡಿ, ಹೋಲಿಸೋಕೆ ಅದೇ ಬೇಕು.