ಟಾಮ್ ಹತ್ತಿರ ಬರಲು ಕಿಕ್ ಎತ್ತಬೇಕಾಯಿತು

ನನ್ನ ಡ್ರಮ್ ಕಿಟ್ 1960ರ ದಶಕದ್ದು. ಕಾಲಿನ ಪೆಡಲ್‌ನಿಂದ ಬಡಿಯುವ 22 ಇಂಚಿನ ದೊಡ್ಡ ಡ್ರಮ್ ಕಿಕ್, ಅದರ ಮೇಲೆ ಕೂರುವ 13 ಇಂಚಿನ ಸಣ್ಣ ಡ್ರಮ್ ಟಾಮ್, ಪಕ್ಕದಲ್ಲಿ ನೆಲದ ಮೇಲೆ ನಿಲ್ಲುವ 16 ಇಂಚಿನ ಫ್ಲೋರ್ ಟಾಮ್. ನೋಡಲು ಚೆಂದ, ದನಿಯೂ ಚೆಂದ. ಆದರೆ ಬಾರಿಸಲು ಕೂತರೆ ಮೇಲಿನ ಟಾಮ್ ಕೈಗೆ ಸಿಗುತ್ತಿರಲಿಲ್ಲ. ಅರ್ಧ ಗೇಣು ದೂರ, ನಾಲ್ಕು ಬೆರಳು ಎತ್ತರ. ಒಂದು ಗಂಟೆ ಅಭ್ಯಾಸ ಮಾಡಿದರೆ ಭುಜ ಕಲ್ಲಿನಂತೆ ಬಿಗಿಯುತ್ತಿತ್ತು.

ಟಾಮ್ ಹಿಡಿದು ನಿಲ್ಲಿಸುವ ಮೌಂಟ್ ಹಳೇ ಕಾಲದ ರೈಲ್ ಮಾದರಿಯದು. ಕಿಕ್ ಮೇಲೆ ಒಂದು ಲೋಹದ ಪಟ್ಟಿ, ಅದರ ಮೇಲೆ ಜಾರುವ ಹಿಡಿಕೆ, ಹಿಡಿಕೆಗೆ ಟಾಮ್ ನೇತು ಹಾಕುವುದು. ಹಿಂದೆ ಮುಂದೆ ಸರಿಸಬಹುದು, ಎಡಕ್ಕೆ ಬಲಕ್ಕೆ ಆಗುವುದಿಲ್ಲ. ಬಾಗಿಸುವ ಕಡೆ ಹಲ್ಲುಗಳಿವೆ, ಹಾಗಾಗಿ ಒಂದೊಂದು ಹಲ್ಲಿನ ಲೆಕ್ಕದಲ್ಲೇ ಬಾಗುತ್ತದೆ. ಅದೇ ಕಾಲದಲ್ಲಿ ರೋಜರ್ಸ್ ಕಂಪನಿ ಗುಂಡು ಕೂರಿಸಿದ ಸ್ವಿವ್-ಒ-ಮ್ಯಾಟಿಕ್ ಹೋಲ್ಡರ್ ಮಾಡುತ್ತಿತ್ತು. ಅದನ್ನು ಯಾವ ಕಡೆಗಾದರೂ ತಿರುಗಿಸಬಹುದು. ನನಗೆ ಸಿಕ್ಕಿದ್ದು ಅದಲ್ಲ, ಏನು ಮಾಡೋದು!

ಮೊದಲು ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಟಾಮ್ ಎತ್ತರವಾಯಿತು ಅಂತ ಅದನ್ನು ನನ್ನ ಕಡೆಗೆ ಚೆನ್ನಾಗಿ ಬಾಗಿಸಿದೆ. ಕೈಗೇನೋ ಸಿಕ್ಕಿತು. ಆದರೆ ಒಂದೆರಡು ವಾರದಲ್ಲಿ ಹೆಡ್ (ಬಾರಿಸುವ ಹಾಳೆ) ತುಂಬ ಸಣ್ಣ ಸಣ್ಣ ಗುಳಿಗಳು. ಅಷ್ಟು ಬಾಗಿದ ಟಾಮ್‌ಗೆ ಸ್ಟಿಕ್ ಚಪ್ಪಟೆಯಾಗಿ ಬೀಳುವುದಿಲ್ಲ, ತುದಿ ಚುಚ್ಚುತ್ತದೆ. ದನಿಯೂ ಸೊರಗಿತ್ತು. ಎತ್ತರದ ತೊಂದರೆಯನ್ನು ಬಾಗಿಸಿ ಮುಚ್ಚಿಟ್ಟಿದ್ದೆ, ಅಷ್ಟೇ.

ಹೊಸ ತೂತು ಕೊರೆದು ಈಗಿನ ಮೌಂಟ್ ಹಾಕಿಸು ಎಂದ ಗೆಳೆಯರೂ ಇದ್ದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ! ಹಳೇ ಶೆಲ್‌ಗೆ, ಅಂದರೆ ಡ್ರಮ್‌ನ ಮೈಗೆ, ಒಮ್ಮೆ ತೂತು ಬಿದ್ದರೆ ಬಿತ್ತು.

ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ ಬರೀ ಸ್ಟೂಲ್ ಮೇಲೆ ಕೂತೆ. ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗುವಷ್ಟು ಸ್ಟೂಲ್ ಎತ್ತರಿಸಿದೆ. ಇಷ್ಟು ದಿನ ಒಂದೂವರೆ ಇಂಚು ತಗ್ಗಿನಲ್ಲಿ ಕೂರುತ್ತಿದ್ದೆ ಅಂತ ಆಗ ಗೊತ್ತಾಯಿತು. ಆಮೇಲೆ ಬಲಗಾಲು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿ ಪೆಡಲ್, ಪಾದ ಯಾವ ಕಡೆ ನೋಡುತ್ತದೋ ಆ ಕಡೆಗೆ ಕಿಕ್. ಅದಾದ ಮೇಲೆ ಮಂಡಿಗಳ ನಡುವಿನ ಸ್ನೇರ್ ಡ್ರಮ್, ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ ಹೈಹ್ಯಾಟ್. ಟಾಮ್ ಕೊನೆಗೆ.

ಎತ್ತರ ಅರ್ಧ ಸರಿಹೋಯಿತು. ದೂರ ಹಾಗೇ ಇತ್ತು. ರೈಲಿನ ಹಿಡಿಕೆ ಆಗಲೇ ನನ್ನ ಕಡೆಯ ತುದಿಯಲ್ಲಿತ್ತು.

ಆಗ ಕಣ್ಣು ಕಿಕ್‌ನ ಮುಂದಿನ ಸ್ಪರ್‌ಗಳ, ಅಂದರೆ ಎಳೆದು ಉದ್ದ ಮಾಡುವ ಕಾಲುಗಳ, ಮೇಲೆ ಬಿತ್ತು. ಅವು ಪೂರ್ತಿ ಒಳಗಿದ್ದವು, ಮುಂದಿನ ಹೂಪ್ (ಅಂಚಿನ ಬಳೆ) ನೆಲಕ್ಕೇ ತಾಗಿತ್ತು. ಸ್ಪರ್ ಎಳೆದು ಮುಂಭಾಗವನ್ನು ಒಂದು ಇಂಚು ಎತ್ತಿದೆ. ಟಾಮ್ ನನ್ನ ಕಡೆಗೆ ಸುಮಾರು ಎರಡು ಇಂಚು ಬಂತು! ಲೆಕ್ಕ ಸುಲಭ. ಕಿಕ್‌ನ ಆಳ 14 ಇಂಚು. ಅಷ್ಟರಲ್ಲಿ ಒಂದು ಇಂಚು ಎತ್ತಿದರೆ ಇಡೀ ಡ್ರಮ್ ಸುಮಾರು ನಾಲ್ಕು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಟಾಮ್ ಇರುವುದು ನೆಲದಿಂದ ಎರಡೂವರೆ ಅಡಿ ಮೇಲೆ, ಆ ಎತ್ತರದಲ್ಲಿ ನಾಲ್ಕು ಡಿಗ್ರಿ ಅಂದರೆ ಎರಡು ಇಂಚು. ಟಾಮ್ ಕೂಡ ಅಷ್ಟೇ ಬಾಗುತ್ತದೆ, ಆದ್ದರಿಂದ ಹಲ್ಲಿನ ಕಡೆ ಬಾಗು ಕಡಿಮೆ ಮಾಡಿದೆ. ರೆಕ್ಕೆ ನಟ್ಟು ಪೂರ್ತಿ ಸಡಿಲಿಸದೆ ಸುಮ್ನೆ ಒತ್ತಿ ಬಾಗಿಸಬೇಡಿ, ಹಲ್ಲು ಸವೆಯುತ್ತದೆ. ನನ್ನದರಲ್ಲಿ ಹಿಂದಿನ ಯಾರೋ ಎರಡು ಹಲ್ಲು ಆಗಲೇ ತಿಂದುಹಾಕಿದ್ದರು.

ಇನ್ನೂ ಜಾಸ್ತಿ ಎತ್ತಿದರೆ ಇನ್ನೂ ಹತ್ತಿರ ಬರುತ್ತದಲ್ವಾ ಅಂತ ಎರಡು ಇಂಚು ಎತ್ತಿ ನೋಡಿದೆ. ಪೆಡಲ್ ಹೂಪ್ ಮೇಲೆ ಸರಿಯಾಗಿ ಕೂರಲಿಲ್ಲ, ಬೀಟರ್ ಬಡಿಯುವ ಕೋನ ಕೆಟ್ಟಿತು. ಒಂದು ಇಂಚಿಗೇ ವಾಪಸ್ ಬಂದೆ.

ಉಳಿದ ಎತ್ತರಕ್ಕೆ ಮದ್ದಿಲ್ಲ. 22 ಇಂಚಿನ ಕಿಕ್, ಅದರ ಮೇಲೆ 9 ಇಂಚು ಆಳದ ಟಾಮ್, ಎರಡರ ನಡುವೆ ಒಂದು ಬೆರಳು ಜಾಗ. ಅದಕ್ಕಿಂತ ಇಳಿಯಲ್ಲ. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ 1963ರಲ್ಲಿ ತಗೊಂಡ ಲುಡ್ವಿಗ್ ಕಂಪನಿಯ ಕಿಟ್‌ನಲ್ಲಿ ಕಿಕ್ 20 ಇಂಚು, ಟಾಮ್ 12 ಇಂಚು ಆಳ 8. ಆ ಅಳತೆಯ ಕಿಟ್‌ನಲ್ಲಿ ಟಾಮ್ ಎಷ್ಟು ಕೆಳಗೆ ಬರುತ್ತದೆ ಅಂತ ಲೆಕ್ಕ ಹಾಕಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ನಡುವೆ ಕೆಲವು ದಿನ ಟಾಮ್ ಅನ್ನು ಸ್ನೇರ್ ಸ್ಟ್ಯಾಂಡ್ ಮೇಲೂ ಇಟ್ಟಿದ್ದೆ. ಎಡಕ್ಕೂ ಸರಿಯಿತು, ಕೆಳಕ್ಕೂ ಬಂತು. ಸ್ಟ್ಯಾಂಡ್‌ನ ಹಿಡಿತ ಬಿಗಿ ಮಾಡಿದರೆ ದನಿ ಉಸಿರುಗಟ್ಟುತ್ತದೆ, ಸಡಿಲ ಬಿಟ್ಟರೆ ಚೆನ್ನಾಗಿ ಮೊಳಗುತ್ತದೆ. ಆದರೆ ಅದರ ಕಾಲು, ಸ್ನೇರ್‌ನ ಕಾಲು, ಹೈಹ್ಯಾಟ್‌ನ ಕಾಲು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನನ್ನ ಕಾಲಿಗೇ ಜಾಗ ಇಲ್ಲದಾಯಿತು. ನಿಮ್ಮ ಹತ್ತಿರ ಚಪ್ಪಟೆ ಕಾಲಿನ ಸ್ಟ್ಯಾಂಡ್ ಇದ್ದರೆ ಒಮ್ಮೆ ನೋಡಿ.

ಈಗ ಟಾಮ್ ರೈಲಿನ ಮೇಲೇ ಇದೆ. ಹೆಚ್ಚುಕಡಿಮೆ ಮಟ್ಟಸವಾಗಿ, ನನ್ನ ಕಡೆಗೆ ಚೂರೇ ವಾಲಿಕೊಂಡು. ಕಣ್ಣು ಮುಚ್ಚಿ ಸ್ನೇರ್‌ನಿಂದ ಕೈ ಎತ್ತಿದರೆ ಸ್ಟಿಕ್ ಅಂಚಿನ ರಿಮ್‌ಗೆ ತಾಗದೆ ನಡುವಿಗೇ ಬೀಳುತ್ತದೆ. ಹಿಡಿಕೆ ನಿಲ್ಲುವ ಜಾಗಕ್ಕೂ ಸ್ಪರ್‌ಗಳಿಗೂ ಟೇಪ್ ಗುರುತು ಹಾಕಿದ್ದೇನೆ. ಜಾಗ ನೆನಪಿಟ್ಟುಕೊಳ್ಳುವ ಮೆಮೊರಿ ಲಾಕ್ ಇಲ್ಲದ ಕಿಟ್, ಬಿಚ್ಚಿ ಜೋಡಿಸಿದಾಗಲೆಲ್ಲ ಮತ್ತೆ ಹುಡುಕಬೇಕಲ್ಲ! ಟಾಮ್ ಹತ್ತಿರ ಬಂದ ಮೇಲೆ ಕಿಕ್ ಮೇಲಿನ ರೈಡ್ ಸಿಂಬಲ್ ದೂರ ಅನಿಸತೊಡಗಿತು. ಅದನ್ನು ಬೇರೆ ಸ್ಟ್ಯಾಂಡ್‌ಗೆ ಹಾಕಿದ್ದೇನೆ.