ಚಿನ್ನದ ನ್ಯಾನೊ ಕಣ: ಬೇರ್ಪಡಿಸಿ ಅಳೆಯುವುದು ಹೇಗೆ?

ಚಿನ್ನದ ನ್ಯಾನೊ ಕಣ ತೇಲುವ ನೀರು ನೋಡಲು ಥೇಟ್ ಶಿರಸಿಯ ಮುರುಗಲು ಪಾನಕ. ಕಾರವಾರದಲ್ಲಿ ಮೊದಲ ಸಲ ಮಾಡಿದಾಗ ನಾನು ಬಾಟಲಿಯನ್ನು ಸವಳು ಬಾವಿ ನೀರಲ್ಲಿ ತೊಳೆದಿದ್ದೆ. ತಳದಲ್ಲಿ ಒಂದಿಷ್ಟು ಉಳಿದಿತ್ತು. ಪಾನಕ ಕಣ್ಣೆದುರೇ ನೀಲಿಗೆ ತಿರುಗಿತು! ಕಣಗಳ ಮೈಮೇಲಿನ ಸಿಟ್ರೇಟ್‌ನ (ನಿಂಬೆ ಹುಳಿಯ ಲವಣ) ಋಣ ವಿದ್ಯುದಾವೇಶ ಅವನ್ನು ದೂರ ದೂರ ಇಡುತ್ತದೆ. ಉಪ್ಪು ಬಿದ್ದರೆ ಆ ತಡೆ ಹೋಗಿ ಗಂಟು ಕಟ್ಟುತ್ತವೆ. ಹಾಗಾಗಿ ಮೊದಲ ಕೆಲಸ: ಎಲ್ಲವನ್ನೂ ಡಿಸ್ಟಿಲ್ಡ್ ನೀರಲ್ಲಿ ತೊಳೆಯಿರಿ.

ಇನ್ನು ಬೇರ್ಪಡಿಸುವುದು. ಮಳೆಗಾಲದ ಕಾಳಿ ನದಿ ನೀರನ್ನು ಕೊಡದಲ್ಲಿಟ್ಟರೆ ಮರಳು ಮೊದಲು ತಳ ಸೇರುತ್ತದೆ, ಕೆಸರು ಕದಡಿಕೊಂಡೇ ಇರುತ್ತದೆ, ಅಲ್ವಾ? ಇಲ್ಲೂ ಅದೇ. ಆದರೆ ಸುಮ್ನೆ ಇಟ್ಟರೆ ದಿನಗಟ್ಟಲೆ ಕಾಯಬೇಕು. ಅದಕ್ಕೇ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬ್‌ಗಳನ್ನು ಗಿರಗಿರನೆ ತಿರುಗಿಸುವ ಯಂತ್ರ. ಎದುರುಬದುರು ಟ್ಯೂಬ್‌ಗಳ ತೂಕ ಸಮ ಇರಲಿ, ಇಲ್ಲವಾದರೆ ಯಂತ್ರ ಕುಣಿಯುತ್ತದೆ.

ನೀರಲ್ಲಿ 20 ಮತ್ತು 60 ನ್ಯಾನೊಮೀಟರ್ ಅಡ್ಡಳತೆಯ ಕಣಗಳು ಬೆರೆತಿವೆ ಎನ್ನಿ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಪಾಲು). ಗಾತ್ರ ಮೂರು ಪಟ್ಟಾದರೆ ಇಳಿಯುವ ವೇಗ ಒಂಬತ್ತು ಪಟ್ಟು. ಗುರುತ್ವದ ಸುಮಾರು 1,000 ಪಟ್ಟು ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ 60 ನ್ಯಾನೊಮೀಟರ್‌ನವು ತಳಕ್ಕಿಳಿಯುತ್ತವೆ. ಮೇಲಿನ ತಿಳಿಯನ್ನು ಪಿಪೆಟ್‌ನಿಂದ ತೆಗೆಯಿರಿ. ಟ್ಯೂಬ್ ಬಗ್ಗಿಸಬೇಡಿ, ಗಸಿ ಏಳುತ್ತದೆ. ಆ ತಿಳಿಯನ್ನು ಸುಮಾರು 7,000 ಪಟ್ಟು ಬಲದಲ್ಲಿ ತಿರುಗಿಸಿದರೆ 20ರವೂ ಇಳಿಯುತ್ತವೆ. ಒಂದೇ ಸುತ್ತಿಗೆ ಮುಗಿಯುವುದಿಲ್ಲ. ತಳದ ಹತ್ತಿರವೇ ಇದ್ದ ಸಣ್ಣವು ದೊಡ್ಡವುಗಳ ಜೊತೆ ಕೂತಿರುತ್ತವೆ. ದೊಡ್ಡವುಗಳ ಗಸಿಯನ್ನು ತೆಳು ಸಿಟ್ರೇಟ್ ನೀರಲ್ಲಿ ಕದಡಿ, ಮೊದಲಿನ ಬಲದಲ್ಲೇ ಎರಡು ಮೂರು ಸಲ ತಿರುಗಿಸಿ.

ಅಳೆಯಲು ಮೊದಲ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್. ಯಾವ ಬಣ್ಣದ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ಅದು ಗೆರೆ ಎಳೆದು ತೋರಿಸುತ್ತದೆ. ಸಣ್ಣ ಕಣಗಳು 520 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕನ್ನು ಹೆಚ್ಚು ಹೀರುತ್ತವೆ. ಕಣ ದೊಡ್ಡದಾದಂತೆ ಗೆರೆಯ ಶಿಖರ ಬಲಕ್ಕೆ, ಅಂದರೆ ಕೆಂಪು ಬೆಳಕಿನ ಕಡೆಗೆ, ಸರಿಯುತ್ತದೆ.

ಬೆಳಕು ಚದುರುವುದನ್ನು ನೋಡಿ ಗಾತ್ರ ಹೇಳುವ ಡಿಎಲ್‌ಎಸ್ ಯಂತ್ರ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಅದೊಂದನ್ನೇ ನಾನು ನಂಬುವುದಿಲ್ಲ. 60ರ ಒಂದು ಕಣ 20ರ ಒಂದಕ್ಕಿಂತ ಸುಮಾರು 729 ಪಟ್ಟು ಜಾಸ್ತಿ ಬೆಳಕು ಚದುರಿಸುತ್ತದೆ. ನಾಲ್ಕು ದೊಡ್ಡ ಕಣ ಉಳಿದಿದ್ದರೂ ಲೆಕ್ಕ ಕೆಡುತ್ತದೆ.

ಗಟ್ಟಿ ಸಾಕ್ಷಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ್ದು. ತಾಮ್ರದ ಪುಟ್ಟ ಜಾಲರಿ ಮೇಲೆ ಒಂದು ಹನಿ ಒಣಗಿಸಿ, ಚಿತ್ರ ತೆಗೆದು, ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಿರಿ. ಅನ್ನಕ್ಕಾದರೆ ಒಂದು ಅಗುಳು ಸಾಕು, ಇಲ್ಲಿ ಕನಿಷ್ಠ 200 ಕಣವಾದರೂ ಎಣಿಸಬೇಕು. ಡಿಎಲ್‌ಎಸ್ ಸಂಖ್ಯೆ ಇದಕ್ಕಿಂತ ತುಸು ದೊಡ್ಡದು ಬಂದರೆ ಗಾಬರಿ ಬೇಡ. ಅದು ಕಣದ ಜೊತೆ ಸಾಗುವ ನೀರಿನ ಪದರವನ್ನೂ ಸೇರಿಸಿಯೇ ಅಳೆಯುತ್ತದೆ.