ಒಂದು ಸಲ ಬಿಟ್ಟ ವರ್ಶನ್ ಮುಟ್ಟಬೇಡಿ

ನನ್ನ ಚಿಕ್ಕ ಸಾಫ್ಟ್‌ವೇರ್ ಪ್ರಾಜೆಕ್ಟ್‌ನ 1.3.0 ವರ್ಶನ್ ಬಿಟ್ಟು ಹತ್ತು ನಿಮಿಷ ಆಗಿತ್ತು. ಒಂದು ಫೈಲ್ ಪ್ಯಾಕೇಜ್‌ಗೆ ಸೇರೇ ಇಲ್ಲ ಅಂತ ಆಗ ಗೊತ್ತಾಯಿತು. ಇಷ್ಟು ಬೇಗ ಯಾರು ನೋಡಿರ್ತಾರೆ ಅಂದುಕೊಂಡು ಸುಮ್ನೆ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಆ ವರ್ಶನ್‌ಗೆ ಹಾಕಿದ್ದ ಟ್ಯಾಗ್ ಅನ್ನುವ ಗುರುತು ಅಳಿಸಿ, ಸರಿಮಾಡಿದ ಕಮಿಟ್ (ದಾಖಲಾದ ಬದಲಾವಣೆ) ಮೇಲೆ ಅದೇ ಹೆಸರಿನ ಟ್ಯಾಗ್ ಮತ್ತೆ ಇಟ್ಟೆ. ಅಷ್ಟರಲ್ಲೇ ಇಳಿಸಿಕೊಂಡವರ ಹತ್ತಿರ ಹಳೇ ಟ್ಯಾಗ್ ಹಾಗೇ ಉಳಿದಿತ್ತು, ಗಿಟ್ ಅದನ್ನು ತಾನಾಗಿ ಬದಲಿಸುವುದಿಲ್ಲ. ಒಂದೇ ನಂಬರ್, ಎರಡು ಕೋಡ್! ಆಮೇಲೆ ಬಗ್ ರಿಪೋರ್ಟ್ ಬಂದಾಗಲೆಲ್ಲ ಇದು ಯಾವ 1.3.0 ಅಂತ ಕೇಳುವುದೇ ಕೆಲಸವಾಯಿತು. ತಪ್ಪಾಯಿತಾ, 1.3.1 ಬಿಡಿ. ನಂಬರ್‌ಗೇನು ಬರ ಇಲ್ಲವಲ್ಲ.

ಪ್ಯಾಕೇಜ್ ಹಂಚುವ ತಾಣಗಳಾದ ಪೈಪಿಐ (ಪೈಥಾನ್‌ನದು), ಎನ್‌ಪಿಎಂ (ಜಾವಾಸ್ಕ್ರಿಪ್ಟ್‌ನದು) ಎರಡೂ ಇದನ್ನೇ ಹೇಳುತ್ತವೆ. ಎನ್‌ಪಿಎಂನಲ್ಲಿ ಬಿಟ್ಟ ವರ್ಶನ್ ಅಳಿಸಿದರೂ ಆ ನಂಬರ್ ಮತ್ತೆ ಸಿಗುವುದಿಲ್ಲ, ಪೈಪಿಐನಲ್ಲಿ ಅದೇ ಹೆಸರಿನ ಫೈಲ್ ಮತ್ತೆ ಹಾಕಲು ಬಿಡುವುದಿಲ್ಲ.

ಈಗ ನಂಬರ್ ಕೊಡುವುದು. ಸೆಮ್ಯಾಂಟಿಕ್ ವರ್ಶನಿಂಗ್ ಸಾಕು: ಬರೀ ಬಗ್ ಸರಿಮಾಡಿದ್ದರೆ ಕೊನೆಯ ಅಂಕಿ, ಹಳೆಯದೇನೂ ಮುರಿಯದೆ ಹೊಸದು ಸೇರಿಸಿದ್ದರೆ ಮಧ್ಯದ್ದು, ಬಳಸುವವರು ತಮ್ಮ ಕೋಡ್ ತಿದ್ದಲೇಬೇಕಾದರೆ ಮೊದಲನೆಯದು. 1.9.0 ಆದಮೇಲೆ 1.10.0 ಬರುತ್ತದೆ, 2.0.0 ಅಲ್ಲ, ಇದು ದಶಮಾಂಶ ಲೆಕ್ಕವಲ್ಲ. ಎಲ್ಲರೂ ಈ ಪದ್ಧತಿಯನ್ನೇ ಹಿಡಿದಿಲ್ಲ. ಲಿನಕ್ಸ್ ಕರ್ನಲ್ 2011ರಲ್ಲಿ 2.6.39ರಿಂದ ಸೀದಾ 3.0ಕ್ಕೆ ಹೋಯಿತು, ಅದರ ಹಿಂದೆ ದೊಡ್ಡ ಬದಲಾವಣೆ ಏನೂ ಇರಲಿಲ್ಲ. ಉಬುಂಟುವಿನ 24.04 ಅಂದರೆ 2024ರ ಏಪ್ರಿಲ್, ಅಷ್ಟೇ. ಆದರೆ ನಿಮ್ಮದು ಬೇರೆಯವರ ಕೋಡ್ ಒಳಗೆ ಕೂರುವ ಲೈಬ್ರರಿ ಆಗಿದ್ದರೆ ನಂಬರ್ ನೋಡಿಯೇ ಅಪ್‌ಡೇಟ್ ಮಾಡಬಹುದಾ ಅಂತ ಜನ ತೀರ್ಮಾನಿಸುತ್ತಾರೆ.

ಜಾಸ್ತಿ ಸಮಯ ಕೊಡಬೇಕಾದ್ದು ಚೇಂಜ್‌ಲಾಗ್‌ಗೆ, ಅಂದರೆ ಯಾವ ವರ್ಶನ್‌ನಲ್ಲಿ ಏನು ಬದಲಾಯಿತು ಅನ್ನುವ ಪಟ್ಟಿಗೆ. ಕಮಿಟ್ ಮೆಸೇಜ್‌ಗಳನ್ನೆಲ್ಲ ಹಾಗೇ ತಂದು ಸುರಿದರೆ ಅದು ಚೇಂಜ್‌ಲಾಗ್ ಅಲ್ಲ, ‘ಟೈಪೋ ಸರಿಮಾಡಿದೆ’ ಅನ್ನುವ ನಲವತ್ತು ಸಾಲು ಓದುವ ತಾಳ್ಮೆ ಯಾರಿಗೂ ಇಲ್ಲ. ಏನು ಮುರಿಯುತ್ತದೆ, ಅದಕ್ಕೆ ಬಳಸುವವರು ಏನು ಬದಲಿಸಬೇಕು, ಇದು ಎಲ್ಲಕ್ಕಿಂತ ಮೇಲೆ ಇರಲಿ. ರಿಲೀಸ್ ದಿನ ಕೂತು ಬರೆಯಲು ಹೋದರೆ ಅರ್ಧ ಮರೆತಿರುತ್ತೀರಿ. ಪ್ರತಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಜೊತೆಗೇ ‘ಇನ್ನೂ ಬಿಟ್ಟಿಲ್ಲ’ ಅನ್ನುವ ತಲೆಬರಹದ ಕೆಳಗೆ ಒಂದು ಸಾಲು ಹಾಕಿಸಿಕೊಳ್ಳಿ, ಹಾಕದಿದ್ದರೆ ಮರ್ಜ್ ಮಾಡಬೇಡಿ. ಸ್ವಲ್ಪ ಗೊಣಗುತ್ತಾರೆ, ಪರವಾಗಿಲ್ಲ.

ದೊಡ್ಡ ರಿಲೀಸ್ ಆದರೆ ಬೇರೆ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆಗೆದು ಮೊದಲು 2.0.0-ಆರ್‌ಸಿ.1 ಬಿಡಿ, ಆರ್‌ಸಿ ಅಂದರೆ ರಿಲೀಸ್ ಕ್ಯಾಂಡಿಡೇಟ್, ಪರೀಕ್ಷೆಗೆ ಬಿಡುವ ವರ್ಶನ್. ಇದು 2.0.0ಗಿಂತ ಹಿಂದಿನದು ಅಂತಲೇ ಲೆಕ್ಕ. ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಸಾಮಾನ್ಯವಾಗಿ ಇಂಥದನ್ನು ಕೇಳಿದವರಿಗೆ ಮಾತ್ರ ಕೊಡುತ್ತದೆ, ಹಾಗಾಗಿ ಧೈರ್ಯವಾಗಿ ಬಿಡಬಹುದು. ಆ ಬ್ರಾಂಚ್‌ಗೆ ಇನ್ನು ಬಗ್ ಫಿಕ್ಸ್ ಮಾತ್ರ. ‘ಇದೊಂದು ಚಿಕ್ಕ ಫೀಚರ್’ ಅಂತ ಬರುವವರಿಗೆ ಮುಂದಿನ ರಿಲೀಸ್ ತೋರಿಸಿ.

ಕೊನೆಗೆ ಟ್ಯಾಗ್. ಸುಮ್ನೆ ಹೆಸರಿಡುವ ಟ್ಯಾಗ್ ಬೇಡ, ಮೆಸೇಜ್ ಇರುವ, ಸಾಧ್ಯವಾದರೆ ಸೈನ್ (ಡಿಜಿಟಲ್ ಸಹಿ) ಮಾಡಿದ ಟ್ಯಾಗ್ ಹಾಕಿ. ಕೋಡನ್ನು ಸರ್ವರ್‌ಗೆ ಕಳಿಸುವ ಸಾದಾ ಪುಶ್‌ನಲ್ಲಿ ಟ್ಯಾಗ್ ಹೋಗುವುದಿಲ್ಲ, ಬೇರೆಯಾಗಿ ಕಳಿಸಬೇಕು. ಎಲ್ಲರೂ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ ಅಲ್ವಾ? ಪ್ಯಾಕೇಜನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಬೇಡಿ, ಟ್ಯಾಗ್ ಬಂದ ಕೂಡಲೇ ಸಿಐ (ಸರ್ವರ್‌ನಲ್ಲಿ ತಾನಾಗಿ ಕಟ್ಟಿ ಟೆಸ್ಟ್ ಮಾಡುವ ವ್ಯವಸ್ಥೆ) ಕಟ್ಟಲಿ. ನನ್ನ ಕಾಣೆಯಾದ ಫೈಲ್ ಅಲ್ಲೇ ಸಿಕ್ಕಿಬೀಳುತ್ತಿತ್ತು, ಕಟ್ಟಿದ್ದನ್ನು ಖಾಲಿ ಜಾಗದಲ್ಲಿ ಇನ್‌ಸ್ಟಾಲ್ ಮಾಡಿ ಟೆಸ್ಟ್ ಓಡಿಸಿದ್ದರೆ.

ಇಷ್ಟಾದರೂ ಕೆಟ್ಟ ವರ್ಶನ್ ಹೊರಗೆ ಹೋದರೆ ಅಳಿಸಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ ಹನ್ನೊಂದು ಸಾಲಿನ ಪ್ಯಾಕೇಜ್ ಎನ್‌ಪಿಎಂನಿಂದ ಮಾಯವಾಗಿ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತೇಹೋಗಿತ್ತು. ಪೈಪಿಐ, ಕಾರ್ಗೋದಲ್ಲಿ (ಇದು ರಸ್ಟ್ ಭಾಷೆಯದು) ‘ಯಾಂಕ್’ ಮಾಡಿ: ಹೊಸಬರಿಗೆ ಅದು ಸಿಗುವುದಿಲ್ಲ, ಅದೇ ನಂಬರ್‌ಗೆ ಅಂಟಿಕೊಂಡವರ ಬಿಲ್ಡ್ ನಡೆಯುತ್ತಿರುತ್ತದೆ. ಎನ್‌ಪಿಎಂನಲ್ಲಾದರೆ ‘ಡೆಪ್ರಿಕೇಟ್’ ಮಾಡಿ, ಅಂದರೆ ಬಳಸಬೇಡಿ ಅನ್ನುವ ಎಚ್ಚರಿಕೆ ಹಾಕಿ, ಯಾವ ವರ್ಶನ್‌ಗೆ ಹೋಗಬೇಕು ಅಂತ ಆ ಎಚ್ಚರಿಕೆಯಲ್ಲೇ ಬರೆಯಿರಿ.